ಆ್ಯಪ್‌ನ ವಕೀಲರು ಕೇಳದೇ ಬಿಟ್ಟ ಪ್ರಶ್ನೆ

ಪ್ರಶ್ನೆ: ಸರ್, ನಮ್ಮದು ಮುಳಬಾಗಿಲು ತಾಲೂಕು. ನನಗೆ 1992ರಲ್ಲಿ ಮದುವೆ ಆಯಿತು. ತಾಯಿ 1998ರಲ್ಲಿ, ತಂದೆ 2003ರಲ್ಲಿ ತೀರಿಕೊಂಡರು. ವಿಲ್ ಏನೂ ಬರೆದಿಲ್ಲ. ತಾತನ ಕಾಲದ 3 ಎಕರೆ 20 ಗುಂಟೆ ಜಮೀನಿದೆ. ಮಕ್ಕಳು ನಾವಿಬ್ಬರೇ, ಅಣ್ಣ ಮತ್ತು ನಾನು. 2011ರಲ್ಲಿ ಅಣ್ಣ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಈಗ ಮಾರುವ ಮಾತು ನಡೆದಿದೆ. ದುಡ್ಡು ಕಟ್ಟಿದರೆ ತಜ್ಞ ವಕೀಲರು ಫೋನಿನಲ್ಲೇ ಉತ್ತರ ಕೊಡುವ ಒಂದು ಆ್ಯಪ್‌ಗೆ 399 ರೂಪಾಯಿ ಕಟ್ಟಿ ಕೇಳಿದೆ. "ತಂದೆ 2005ಕ್ಕಿಂತ ಮುಂಚೆ ತೀರಿಕೊಂಡಿರುವುದರಿಂದ ನಿಮಗೆ ಪಾಲಿಲ್ಲ" ಎಂದರು. ಸಮಾಧಾನ ಆಗದೆ ಇನ್ನೊಂದಕ್ಕೆ 699 ಕಟ್ಟಿದೆ. "ಸಮಪಾಲು ಖಂಡಿತ ಸಿಗುತ್ತದೆ, ನೋಟಿಸ್ ಕಳಿಸಲು 4,999 ಕಟ್ಟಿ" ಎಂದರು. ದುಡ್ಡು ಕೊಟ್ಟು ಕೇಳಿದ ಉತ್ತರವೂ ತಪ್ಪಿರುತ್ತದಾ? ಯಾರನ್ನು ನಂಬಲಿ? ಮೊದಲನೆಯವರು ಈಗಲೂ ಪ್ರತಿ ತಿಂಗಳು 399 ಕಟ್ ಮಾಡಿಕೊಳ್ಳುತ್ತಿದ್ದಾರೆ. ಅಣ್ಣನ ಜೊತೆ ಜಗಳ ಆಡಲು ಮನಸ್ಸಿಲ್ಲ, ಹೋದ ವರ್ಷದವರೆಗೂ ಸುಗ್ಗಿ ಮುಗಿದರೆ ರಾಗಿ, ಮಾವಿನ ಕಾಲಕ್ಕೆ ಹಣ್ಣು ಕಳಿಸುತ್ತಿದ್ದರು. 2011ರಲ್ಲಿ ಖಾತೆಗೆ ಅಂತ ಮುಳಬಾಗಿಲಿಗೆ ಕರೆದುಕೊಂಡು ಹೋಗಿ ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡ ನೆನಪು.

ಉತ್ತರ: ಅಮ್ಮ, ನಿಮ್ಮ ಪತ್ರದ ತಿರುಳೆಲ್ಲ ಕೊನೆಯ ಎರಡು ಸಾಲಿನಲ್ಲಿದೆ. ರಾಗಿ ಕಳಿಸುತ್ತಿದ್ದ ವಿಷಯ, ಸಹಿ ಹಾಕಿದ ವಿಷಯ. ಇದನ್ನು ಆ ಇಬ್ಬರು ವಕೀಲರಿಗೆ ಹೇಳಿದ್ದಿರಾ ಎಂದು ನಾನು ತಿರುಗಿ ಕೇಳಿದೆ. "ಅವರು ಕೇಳಲೇ ಇಲ್ಲ ಸರ್, ಬರೆಯೋಕೆ ಅಷ್ಟು ಜಾಗವೂ ಇರಲಿಲ್ಲ" ಎಂದಿರಿ. ಆ ಎರಡು ಉತ್ತರಗಳ ತೂಕ ಎಷ್ಟು ಅಂತ ನನಗೆ ಅಲ್ಲೇ ಗೊತ್ತಾಯಿತು.

ಮೊದಲನೆಯ ಉತ್ತರ ತಪ್ಪು. ಎರಡನೆಯದು ಸರಿ ಇದ್ದರೂ ಇರಬಹುದು, ಆದರೆ "ಖಂಡಿತ" ಅನ್ನಲು ಅವರ ಕೈಯಲ್ಲಿ ಏನೂ ಇರಲಿಲ್ಲ. ನೀವು ದುಡ್ಡು ಕೊಟ್ಟಿದ್ದು ನಿಮ್ಮ ವ್ಯಾಜ್ಯ ನೋಡಿ ಹೇಳಿದ ಉತ್ತರಕ್ಕಲ್ಲ, ನೀವು ಬರೆದ ನಾಲ್ಕು ಸಾಲಿಗೆ ಸಿಕ್ಕ ಉತ್ತರಕ್ಕೆ. ಎರಡಕ್ಕೂ ಇರುವ ದೂರ ಕೆಲವೊಮ್ಮೆ ಒಂದು ಎಕರೆ ಮೂವತ್ತು ಗುಂಟೆಯಷ್ಟಾಗುತ್ತದೆ. ಲೆಕ್ಕ ಆಮೇಲೆ ಹೇಳುತ್ತೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಕೋಲಾರದ ಕೋರ್ಟು ಬಾಗಿಲು ಹಾಕಿತ್ತು. ಸಿವಿಲ್ ಕೇಸು ನಡೆಸುವ ನನ್ನಂಥವನಿಗೆ ಬೇರೆ ದುಡಿಮೆ ಇಲ್ಲ. ಪರಿಚಯದ ಹುಡುಗನೊಬ್ಬ ಇಂಥದ್ದೇ ಒಂದು ಸೇವೆಗೆ ಸೇರಿಸಿದ. ಕೇಳುವವರು ಎಷ್ಟು ಕಟ್ಟುತ್ತಿದ್ದರೋ ಗೊತ್ತಿಲ್ಲ, ನನಗೆ ಒಂದು ಉತ್ತರಕ್ಕೆ 120 ರೂಪಾಯಿ. ಹದಿನೈದು ನಿಮಿಷದೊಳಗೆ ಬರೆಯಬೇಕು. ತಡವಾದರೆ ಪ್ರಶ್ನೆ ಇನ್ನೊಬ್ಬರ ಪಾಲಾಗುತ್ತದೆ. ವಾಪಸ್ ಪ್ರಶ್ನೆ ಕೇಳಬಹುದಿತ್ತು, ಆದರೆ ಕೇಳಿದವರು ಮರುದಿನ ಉತ್ತರಿಸಿದರೆ ಅಷ್ಟರಲ್ಲಿ ನನ್ನ ಸಮಯ ಮುಗಿದಿರುತ್ತಿತ್ತು, ದುಡ್ಡೂ ಇಲ್ಲ. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಮೇ ತಿಂಗಳಲ್ಲಿ ಕೆಜಿಎಫ್ ಕಡೆಯ ಒಬ್ಬ ಹೆಣ್ಣುಮಗಳು ಕೇಳಿದರು. 1991ರಲ್ಲಿ ಮದುವೆ, ತಂದೆ 1999ರಲ್ಲಿ ತೀರಿಹೋದರು, ಪಿತ್ರಾರ್ಜಿತ ಜಮೀನು, ಅಣ್ಣಂದಿರಷ್ಟೇ ಪಾಲು ನನಗೆ ಸಿಗುತ್ತದಾ ಅಂತ. ಆಗ ಚಾಲ್ತಿಯಲ್ಲಿದ್ದ ಕಾನೂನಿನ ಪ್ರಕಾರ, 2005ಕ್ಕೆ ಮುಂಚೆ ತಂದೆ ಹೋಗಿದ್ದರೆ, ಮಗಳಿಗೂ ಸಮಪಾಲು ಕೊಡಲು ಆಯಾ ರಾಜ್ಯ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮಾಡಿಕೊಂಡ ತಿದ್ದುಪಡಿ ನೋಡಬೇಕಿತ್ತು. ನಮ್ಮ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ, ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುವುದಿಲ್ಲ. "ಅಣ್ಣಂದಿರ ಸಮಕ್ಕೆ ಇಲ್ಲ, ತಂದೆಯ ಭಾಗದಲ್ಲಿ ಸ್ವಲ್ಪ ಮಾತ್ರ" ಎಂದು ಬರೆದೆ. ಅವರು ಐದು ಸ್ಟಾರ್ ಕೊಟ್ಟರು. ಜೊತೆಗೆ ಒಂದು ಸಾಲು: "ಥ್ಯಾಂಕ್ಸ್ ಸರ್, ಇದನ್ನು ರಾಮಕುಪ್ಪಂ ಎಂಆರ್‌ಒ ಆಫೀಸಿನಲ್ಲಿ ತೋರಿಸುತ್ತೇನೆ."

ಎಂಆರ್‌ಒ ಅನ್ನುವ ಮಾತು ಕೇಳಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ತಹಸೀಲ್ದಾರರಿಗೆ ಆಂಧ್ರದಲ್ಲಿ ಹೇಳುವ ಮಾತು ಅದು. ಜಮೀನು ಗಡಿಯಾಚೆ ಇತ್ತು. ಆಂಧ್ರದಲ್ಲಿ ಹೆಣ್ಣುಮಕ್ಕಳ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದಲೇ ಇದೆ. ಅದಾದ ಮೇಲೆ ಮದುವೆಯಾದ ಈಕೆಗೆ ಅಣ್ಣಂದಿರ ಸಮ ಪಾಲು ಇತ್ತು! ಉತ್ತರ ತಿದ್ದೋಣ ಅಂದರೆ ಚಾಟ್ ಮುಚ್ಚಿಹೋಗಿದೆ. ಕಂಪನಿಗೆ ಬರೆದೆ. ಗ್ರಾಹಕರು ಹೊಸ ಪ್ರಶ್ನೆಗೆ ದುಡ್ಡು ಕಟ್ಟಿದರೆ ಮಾತ್ರ ಮತ್ತೆ ತೆರೆಯುತ್ತದೆ ಎಂದರು. ಅವರ ಹೆಸರೂ ನನಗೆ ಗೊತ್ತಿಲ್ಲ, ಒಂದು ನಂಬರ್ ಅಷ್ಟೇ. ಆ ತಿಂಗಳೇ ಆ ಕೆಲಸ ಬಿಟ್ಟೆ. ಸೇರಲೇಬಾರದಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಬೇಕಂತ ತಪ್ಪು ಹೇಳಿರಲಿಲ್ಲ. ನನಗೆ ಕಾನೂನು ಗೊತ್ತಿತ್ತು, ಸನ್ನದು ಇತ್ತು, ಅನುಭವ ಇತ್ತು. "ಜಮೀನು ಯಾವ ಊರಲ್ಲಿದೆ ಅಮ್ಮ?" ಅಂತ ಒಂದು ಮಾತು ಕೇಳಲಿಲ್ಲ, ಅಷ್ಟೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಮಾತು ಕೇಳದೆ ಜಮೀನಿನ ಬಗ್ಗೆ ಬಾಯಿ ಬಿಡಬಾರದು. ಮನೆ ಇಲ್ಲಿ, ತೋಟ ಪಲಮನೇರಿನ ಹತ್ತಿರ. ಹುಟ್ಟಿದ್ದು ಬಾಗೇಪಲ್ಲಿ, ಕೊಟ್ಟಿದ್ದು ಹಿಂದೂಪುರ. ಇಲ್ಲಿನ ಪಹಣಿ ಅಲ್ಲಿ ಅಡಂಗಲ್ ಆಗುತ್ತದೆ, ತಮಿಳುನಾಡಿನ ಕಡೆ ಹೋದರೆ ಚಿಟ್ಟಾ, ಪಟ್ಟಾ. ದೂರದ ಊರಲ್ಲಿ ಕೂತು ಉತ್ತರ ಬರೆಯುವವರಿಗೆ ಇದು ಹೊಳೆಯುವುದೂ ಇಲ್ಲ.

ಆ ಐದು ಸ್ಟಾರ್ ಬಗ್ಗೆಯೂ ಯೋಚನೆ ಮಾಡಿ. ಉತ್ತರ ಬೇಗ ಬಂತು, ಮಾತು ನಯವಾಗಿತ್ತು, ಅದಕ್ಕೆ ಸ್ಟಾರ್. ಸರಿಯೋ ತಪ್ಪೋ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ, ಅಲ್ವಾ? ಜಮೀನಿನ ಉತ್ತರದ ತಪ್ಪು ಬಯಲಾಗುವುದು ಐದೋ ಹತ್ತೋ ವರ್ಷ ಆದ ಮೇಲೆ, ಕೋರ್ಟಿನಲ್ಲಿ. ಸ್ಟಾರ್ ಕೊಡುವುದು ಐದು ನಿಮಿಷಕ್ಕೆ.

ಇನ್ನು ದುಡ್ಡಿನ ಮಾತು. ಜಾಸ್ತಿ ದುಡ್ಡು ಕೊಟ್ಟರೆ ಒಳ್ಳೆಯ ಉತ್ತರ ಬರುತ್ತದೆ ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ. ಗೂಗಲ್ ಕಂಪನಿ 2002ರಲ್ಲಿ ಇಂಥ ಒಂದು ಸೇವೆ ಶುರು ಮಾಡಿತ್ತು. ಕೇಳುವವರೇ 2 ಡಾಲರ್‌ನಿಂದ 200 ಡಾಲರ್‌ವರೆಗೆ ಬೆಲೆ ಇಡುತ್ತಿದ್ದರು. 2006ರ ಕೊನೆಗೆ ಅದನ್ನು ನಿಲ್ಲಿಸಿದರು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಕ್ಕಟೆ ಉತ್ತರ ಸಿಗುವ ಕಡೆಗಿಂತ ಅಲ್ಲಿನ ಉತ್ತರಗಳು ಚೆನ್ನಾಗಿದ್ದವು, ಬೆಲೆ ಹೆಚ್ಚಿಸಿದರೆ ಇನ್ನೂ ಚೆನ್ನಾಗಿ ಬರುತ್ತಿದ್ದವು ಎಂದು ಕಂಡುಕೊಂಡರು. ಆದರೆ ಅಲ್ಲಿ ಉತ್ತರ ಬರೆಯುವವರು ದಿನಗಟ್ಟಲೆ ಹುಡುಕಾಡಿ ಬರೆಯಬಹುದಿತ್ತು. ಹದಿನೈದು ನಿಮಿಷಕ್ಕೆ 120 ರೂಪಾಯಿಯ ಕೂಲಿಗೂ ಅದಕ್ಕೂ ಹೋಲಿಕೆ ಇಲ್ಲ. ನೀವು ಕೊಟ್ಟ 399ರಲ್ಲಿ ವಕೀಲರ ಕೈ ಸೇರಿದ್ದು ಎಷ್ಟು, ಅವರು ಕೊಟ್ಟ ಹೊತ್ತು ಎಷ್ಟು? ಅದು ಉತ್ತರದಲ್ಲೇ ಕಾಣುತ್ತದೆ.

ಈಗ ನಿಮ್ಮ ಜಮೀನಿಗೆ ಬರೋಣ. ನೀವು ಹಿಂದೂ ಎಂದುಕೊಂಡು ಬರೆಯುತ್ತಿದ್ದೇನೆ. ಮುಸ್ಲಿಮರಾಗಿದ್ದರೆ, ಕ್ರೈಸ್ತರಾಗಿದ್ದರೆ ಕಾನೂನೇ ಬೇರೆ, ಮುಂದಿನದನ್ನು ಓದಬೇಡಿ. ಜಮೀನು ಮುಳಬಾಗಿಲು ತಾಲೂಕಿನಲ್ಲೇ ಇದೆ ಎಂದೂ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಒಮ್ಮೆ ಸುಟ್ಟ ಕೈ ನೋಡಿ.

"2005ಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೆ ಪಾಲಿಲ್ಲ" ಅನ್ನುವ ಮಾತು ಗಾಳಿಯಿಂದ ಬಂದದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಜಾರಿಗೆ ಬಂತು, ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳಾದಳು. ಅವತ್ತಿಗೆ ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್‌ನಲ್ಲಿ ಫೂಲವತಿ ಪ್ರಕರಣದಲ್ಲಿ ಹೇಳಿತು. 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ಹೋಗಿದ್ದರೂ ಮಗಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದ ಹೋದ ಕೇಸುಗಳೇ. ವಕೀಲರೇ ತಲೆ ಕೆರೆದುಕೊಳ್ಳುವಂತಾಯಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು. ತಂದೆ ಅವತ್ತು ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿ ಇಲ್ಲದಿದ್ದರೆ ಮಗಳ ಹಕ್ಕು ಹಾಗೇ ಉಳಿಯುತ್ತದೆ. ಅದಕ್ಕೆ ಮುಂಚೆಯೇ ಮಾರಿಬಿಟ್ಟ ಜಮೀನನ್ನು ಮಾತ್ರ ಈಗ ಕೆದಕಲು ಆಗುವುದಿಲ್ಲ. ಊರಲ್ಲಿ ಪಂಚಾಯ್ತಿ ಸೇರಿಸಿ ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡೆವು ಅನ್ನುವುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಅಂದರೆ ನಿಮ್ಮ 399 ರೂಪಾಯಿಯ ಉತ್ತರ ಐದು ವರ್ಷ ಮಾತ್ರ ನಡೆದ ಹಳೆಯ ನಾಣ್ಯ. ಯಾರೋ 2016ರಲ್ಲಿ ಬರೆದಿಟ್ಟದ್ದನ್ನು ಎತ್ತಿ ನಿಮ್ಮ ಮುಂದೆ ಇಟ್ಟಿದ್ದಾರೆ.

ತಮಾಷೆ ಅಂದರೆ ಹಳೆಯ ಕಾನೂನಿನಲ್ಲೂ ಆ ಉತ್ತರ ತಪ್ಪೇ. ನಿಮ್ಮ ಜಮೀನು ಒಟ್ಟು 140 ಗುಂಟೆ. ಹೆಣ್ಣುಮಗಳು ಪಾಲುದಾರಳಲ್ಲ ಅನ್ನುವ ಹಳೆಯ ಲೆಕ್ಕ ಹಿಡಿದರೆ, ತಂದೆಗೆ 70, ಅಣ್ಣನಿಗೆ 70. ತಂದೆ ತೀರಿಕೊಂಡ ಮೇಲೆ ಅವರ 70 ಗುಂಟೆ ಮಗನಿಗೂ ಮಗಳಿಗೂ ಸಮವಾಗಿ ಹೋಗುತ್ತದೆ. 1956ರ ಕಾಯ್ದೆಯಿಂದಲೂ ಹಾಗೇ ಇದೆ. ನಿಮಗೆ 35 ಗುಂಟೆ. ಈಗಿನ ಕಾನೂನಿನ ಲೆಕ್ಕ ಹಿಡಿದರೆ ನಿಮಗೂ ಅಣ್ಣನಿಗೂ ತಲಾ 70 ಗುಂಟೆ, ಅಂದರೆ ಒಂದು ಎಕರೆ ಮೂವತ್ತು ಗುಂಟೆ. ಒಂದು ವೇಳೆ ಜಮೀನು ಪಿತ್ರಾರ್ಜಿತ ಅಲ್ಲ, ತಂದೆಯ ಸ್ವಂತದ್ದು ಅಂತಾದರೂ, ವಿಲ್ ಇಲ್ಲದ್ದರಿಂದ ಅರ್ಧ ನಿಮ್ಮದೇ. ಯಾವ ದಾರಿಯಲ್ಲಿ ಬಂದರೂ ಸೊನ್ನೆ ಬರುವುದಿಲ್ಲ. ಖಾತೆ ಅಣ್ಣನ ಹೆಸರಿಗಿದೆ ಅನ್ನುವುದಕ್ಕೆ ಹೆದರಬೇಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾದ ಖಾತೆ, ಕಂದಾಯ ಯಾರು ಕಟ್ಟಬೇಕು ಅನ್ನುವುದಕ್ಕೆ. ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ಹಾಗಾದರೆ ಎರಡನೆಯ ಉತ್ತರವೇ ಸರಿ ಅಲ್ವಾ ಅನ್ನುತ್ತೀರಿ. ಇಲ್ಲಿಗೆ ಆ ಸಹಿ ಬರುತ್ತದೆ.

2011ರಲ್ಲಿ ನಿಮ್ಮನ್ನು ಕರೆದುಕೊಂಡು ಹೋಗಿದ್ದು ತಾಲೂಕು ಕಚೇರಿಗಾ, ಸಬ್ ರಿಜಿಸ್ಟ್ರಾರ್ ಆಫೀಸಿಗಾ? ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆದರಾ? ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರಾ? ತೆಗೆದಿದ್ದರೆ ಅದು ಖಾತೆಯ ಕಾಗದ ಅಲ್ಲ. ಹಕ್ಕು ಬಿಡುಗಡೆ ಪತ್ರ ಇರಬಹುದು. ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು ಕೈಗಿಟ್ಟು, "ಖಾತೆಗೆ ಒಂದು ಸಹಿ ಬೇಕಮ್ಮ" ಅನ್ನುತ್ತಾರೆ. ಅಣ್ಣ ಕೇಳಿದಾಗ ಓದಿ ನೋಡುತ್ತೇನೆ ಅನ್ನುವುದು ಹೇಗೆ? ಬಿಡುಗಡೆ ಪತ್ರ ರಿಜಿಸ್ಟರ್ ಆಗಿದ್ದರೆ 70 ಗುಂಟೆಯ ಲೆಕ್ಕವೆಲ್ಲ ಅಲ್ಲಿಗೆ ನಿಲ್ಲುತ್ತದೆ, ಮೊದಲು ಆ ಪತ್ರದ ಜೊತೆ ಗುದ್ದಾಡಬೇಕು. ತಾಲೂಕು ಕಚೇರಿಯಲ್ಲಿ ಬರೀ ಒಪ್ಪಿಗೆ ಹೇಳಿಕೆಗೆ ಸಹಿ ಹಾಕಿದ್ದರೆ ಅದರಿಂದ ಹಕ್ಕು ಹೋಗುವುದಿಲ್ಲ. 100 ರೂಪಾಯಿಗಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡಬೇಕಾದರೆ ರಿಜಿಸ್ಟರ್ ಪತ್ರವೇ ಬೇಕು.

"ಖಂಡಿತ" ಅಂದವರು ಇದನ್ನು ಕೇಳಲಿಲ್ಲ. ಕೇಳಿದ್ದರೆ 4,999ರ ನೋಟಿಸ್ ಮಾರುವುದಕ್ಕೆ ಆಗುತ್ತಿರಲಿಲ್ಲವೋ ಏನೋ.

ಅವರು ಕೇಳಬೇಕಿದ್ದ ಇನ್ನೊಂದು ಪ್ರಶ್ನೆ ರಾಗಿಯದ್ದು. ಕುಟುಂಬದ ಆಸ್ತಿಯಿಂದ ಹೊರಗಿಟ್ಟವರು ಪಾಲು ಕೇಳಿ ದಾವಾ ಹಾಕಲು 12 ವರ್ಷದ ಗಡುವು ಇದೆ. ಹೊರಗಿಟ್ಟಿದ್ದಾರೆ ಅಂತ ಗೊತ್ತಾದ ದಿನದಿಂದ ಅದು ಲೆಕ್ಕಕ್ಕೆ ಬರುತ್ತದೆ. 2011ಕ್ಕೇ ಖಾತೆ ಮಾಡಿಸಿಕೊಂಡೆ, ಅವತ್ತಿಂದಲೇ ತಂಗಿ ಹೊರಗೆ, ಗಡುವು 2023ಕ್ಕೆ ಮುಗಿಯಿತು ಎಂದು ಅಣ್ಣನ ಪರ ವಕೀಲರು ಹೇಳುವುದು ನಿಶ್ಚಯ. ಅಣ್ಣನ ಕಡೆ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಹೋದ ವರ್ಷದವರೆಗೂ ಬೆಳೆಯಲ್ಲಿ ನಿಮಗೆ ಭಾಗ ಬರುತ್ತಿತ್ತಲ್ಲ? ಹೊರಗಿಟ್ಟವರಿಗೆ ಯಾರಾದರೂ ಪ್ರತಿ ಸುಗ್ಗಿಗೆ ರಾಗಿ ಕಳಿಸುತ್ತಾರಾ? "ಮಲಗೋಬ ಕಳಿಸಿದ್ದೀನಿ, ಬಸ್ ಹತ್ರ ಹೋಗಿ ತಗೊ" ಅನ್ನುವಂಥ ವಾಟ್ಸ್ಆ್ಯಪ್ ಮೆಸೇಜ್ ಏನಾದರೂ ಇದ್ದರೆ ದಯವಿಟ್ಟು ಅಳಿಸಬೇಡಿ. ಫೋನ್ ಬದಲಾಯಿಸುವುದಾದರೆ ಅದನ್ನು ಉಳಿಸಿಕೊಂಡು ಬದಲಾಯಿಸಿ.

ಇನ್ನೂ ಕೇಳುವುದಿದೆ. ತಾತನಿಗೆ ಈ ಜಮೀನು ಹೇಗೆ ಬಂತು? ಕ್ರಯಕ್ಕೆ ತೆಗೆದುಕೊಂಡದ್ದಾ, ಸರ್ಕಾರಕ್ಕೆ ಅರ್ಜಿ ಹಾಕಿ ದರಖಾಸ್ತಿನಲ್ಲಿ ಸಾಗುವಳಿ ಚೀಟಿ ಸಿಕ್ಕಿದ್ದಾ, ಗೇಣಿ ಮಾಡುತ್ತಿದ್ದವರು ಫಾರಂ 7 ಹಾಕಿ ಭೂ ನ್ಯಾಯಮಂಡಳಿಯಿಂದ ಪಡೆದದ್ದಾ? ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ, ಸರ್ಕಾರದ ಅನುಮತಿ ಇಲ್ಲದೆ ಅಣ್ಣ ಮಾರುವ ಹಾಗೇ ಇಲ್ಲ. 140 ಗುಂಟೆಯಲ್ಲಿ ಖರಾಬು, ಅಂದರೆ ಸಾಗುವಳಿಯ ಲೆಕ್ಕಕ್ಕೆ ಬಾರದ ಜಾಗ, ಎಷ್ಟು?

ಖರಾಬು ಅಂದಾಗ ನೆನಪಾಯಿತು. ಆ ಆ್ಯಪ್‌ನಲ್ಲಿ ಕನ್ನಡದಲ್ಲಿ ಬರೆದ ಪ್ರಶ್ನೆಗಳು ಯಂತ್ರದ ಕೈಯಲ್ಲಿ ಇಂಗ್ಲಿಷಾಗಿ ನನ್ನ ಹತ್ತಿರ ಬರುತ್ತಿದ್ದವು. ಒಬ್ಬರದ್ದು "ನನ್ನ ಹತ್ತು ಗುಂಟೆ ಕೆಟ್ಟುಹೋಗಿದೆ, ಏನು ಮಾಡಲಿ" ಅಂತ ಬಂತು. ಮಳೆಗೆ ಕೊಚ್ಚಿಹೋಯಿತಾ ಅಂತ ಯೋಚಿಸಿದೆ. ಆಮೇಲೆ ಹೊಳೆಯಿತು, ಅವರು ಬರೆದದ್ದು ಪಹಣಿಯಲ್ಲಿರುವ ಬಿ ಖರಾಬಿನ ಬಗ್ಗೆ. ಸಾರ್ವಜನಿಕ ಬಳಕೆಗೆ ಅಂತ ಬಿಟ್ಟ ಜಾಗ ಅದು. ನನಗಾದರೂ ಹೊಳೆಯಿತು. ಲಖನೌದಲ್ಲಿ ಕೂತವರಿಗೆ?

ಈಗಂತೂ ಎಷ್ಟೋ ಕಡೆ ಉತ್ತರ ಬರೆಯುವುದೇ ಯಂತ್ರ. ಮನುಷ್ಯರು ಮೇಲೆ ಕಣ್ಣಾಡಿಸಿ ಸಹಿ ಹಾಕುತ್ತಾರೆ, ಅದೂ ಇದ್ದರೆ. ಯಂತ್ರದ ಉತ್ತರ ನೋಡಲು ಚೆಂದ. ಉದ್ದ ಇರುತ್ತದೆ, ತಲೆಬರಹ ಇರುತ್ತದೆ, ತೀರ್ಪುಗಳ ಹೆಸರು ಸಾಲಾಗಿ ಇರುತ್ತದೆ. ಆ ತೀರ್ಪುಗಳು ನಿಜವಾಗಿ ಇವೆಯಾ ಅಂತ ನೋಡಬೇಕು. 2023ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನಮ್ಮಲ್ಲೂ, ಬೆಂಗಳೂರಿನ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಹೆಸರಿಸಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಇಲ್ಲವೇ ಇಲ್ಲ ಎಂದು 2025ರ ಮಾರ್ಚಿನಲ್ಲಿ ಹೈಕೋರ್ಟ್ ಕಂಡುಕೊಂಡಿತು. ಸುಪ್ರೀಂ ಕೋರ್ಟಿನ ತೀರ್ಪುಗಳು ಈಗ ಇ-ಎಸ್‌ಸಿಆರ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಮಗಳು ಕಾಲೇಜು ಓದುತ್ತಿದ್ದಾಳೆ ಎಂದಿರಿ, ಅವಳ ಕೈಲಿ ಹುಡುಕಿಸಿ.

ಉತ್ತರ ಕೊಟ್ಟವರು ನಿಜವಾಗಿ ವಕೀಲರಾ ಅಂತ ತಿಳಿಯುವುದು ಇನ್ನೂ ಸುಲಭ. ನಮಗೆಲ್ಲ ರಾಜ್ಯ ವಕೀಲರ ಪರಿಷತ್ತು ಕೊಟ್ಟ ಒಂದು ನಂಬರ್ ಇರುತ್ತದೆ. ಕೆಎಆರ್ ಅಂತ ಶುರುವಾಗಿ, ಒಂದು ಸಂಖ್ಯೆ, ಆಮೇಲೆ ಸನ್ನದು ಪಡೆದ ವರ್ಷ. ಕೇಳಿದರೆ ಹೇಳಲು ಯಾವ ವಕೀಲರಿಗೂ ನಾಚಿಕೆ ಇಲ್ಲ. ಹೆಸರ ಮುಂದೆ ನೀಲಿ ಟಿಕ್ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ ವೃತ್ತಿಯಲ್ಲಿ ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಕರೆಯುವಂತೆಯೇ ಇಲ್ಲ. ಬಾರ್ ಕೌನ್ಸಿಲ್ ನಿಯಮ 36 ಅದನ್ನು ತಡೆಯುತ್ತದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ವಕೀಲರ ಸೇವೆಯನ್ನು ಬೆಲೆ ಚೀಟಿ ಹಚ್ಚಿ ಮಾರುವ ಜಾಲತಾಣಗಳ ಮೇಲೆ ಕ್ರಮ ಕೈಗೊಳ್ಳಲು ಬಾರ್ ಕೌನ್ಸಿಲ್‌ಗೆ ಹೇಳಿದ್ದು ಇದೇ ಕಾರಣಕ್ಕೆ. ಆದರೂ ನಡೆಯುತ್ತಲೇ ಇದೆ.

ಹಾಗಂತ ಫೋನಿನಲ್ಲಿ ತಜ್ಞರನ್ನು ಕೇಳುವುದೆಲ್ಲ ಮೋಸ ಅಂತ ನಾನು ಅನ್ನುವುದಿಲ್ಲ. ಡಾಕ್ಟರುಗಳ ವಿಷಯದಲ್ಲಿ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ನಿಯಮಗಳು ಬಂದಿವೆ. ಡಾಕ್ಟರು ತಮ್ಮ ನೋಂದಣಿ ನಂಬರ್ ತೋರಿಸಬೇಕು, ರೋಗಿ ಯಾರು, ವಯಸ್ಸೆಷ್ಟು ಅಂತ ತಿಳಿದುಕೊಳ್ಳಬೇಕು, ಕೈಯಿಂದ ಮುಟ್ಟಿ ನೋಡಬೇಕು ಅನ್ನಿಸಿದರೆ ಆಸ್ಪತ್ರೆಗೆ ಬನ್ನಿ ಅನ್ನಬೇಕು. ಒಳ್ಳೆಯ ನಿಯಮ. ಬೆಳೆಯ ವಿಷಯದಲ್ಲಿ ಮಾತ್ರ ಫೋಟೋ ನಂಬಿ ಕೆಟ್ಟವರನ್ನು ನೋಡಿದ್ದೇನೆ. ನನ್ನ ಭಾವಮೈದುನ ಟೊಮ್ಯಾಟೊ ಎಲೆ ಮುದುಡಿದ ಫೋಟೋ ಕಳಿಸಿ 149 ರೂಪಾಯಿ ಕಟ್ಟಿದ. ಮೂರು ಔಷಧಿ ಬರೆದರು. ಅದು ಬಿಳಿನೊಣದಿಂದ ಹರಡುವ ಎಲೆ ಮುದುಡು ವೈರಸ್. ಬಂದ ಗಿಡಕ್ಕೆ ಯಾವ ಔಷಧಿ ಹೊಡೆದರೂ ವಾಸಿಯಾಗುವುದಿಲ್ಲ, ಕಿತ್ತುಹಾಕಿ ಉಳಿದ ಗಿಡ ಉಳಿಸಿಕೊಳ್ಳಬೇಕು. ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಗಿಡ ಕಿತ್ತುಕೊಂಡು ಹೋಗಿದ್ದರೆ ಪುಕ್ಕಟೆ ಹೇಳುತ್ತಿದ್ದರು. ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ ಅವನಿಗೆ.

ಕಾನೂನಿನಲ್ಲೂ ಕೆಲವು ಪ್ರಶ್ನೆ ಆ್ಯಪ್‌ಗೆ ಸರಿ. ಇಸಿ (ಜಮೀನಿನ ಬಗ್ಗೆ ರಿಜಿಸ್ಟರ್ ಆದ ಪತ್ರಗಳ ಪಟ್ಟಿ) ಎಲ್ಲಿ ತೆಗೆಸಬೇಕು, ವಂಶವೃಕ್ಷಕ್ಕೆ ಯಾವ ಅರ್ಜಿ, ಈ ಕಾಗದಕ್ಕೆ ಏನಂತಾರೆ, ವಕೀಲರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು. ಯಾರು ಕೇಳಿದರೂ ಒಂದೇ ಉತ್ತರ ಇರುವ ಪ್ರಶ್ನೆಗಳು ಇವು. ಕೇಳುವವರು ಬದಲಾದರೆ ಉತ್ತರವೂ ಬದಲಾಗುವ ಪ್ರಶ್ನೆಯನ್ನು ಅಲ್ಲಿ ಇಡಬೇಡಿ. ಇಟ್ಟರೂ, ಅವರು ನಿಮ್ಮನ್ನು ಮೊದಲು ಏನು ಕೇಳುತ್ತಾರೆ ಅಂತ ನೋಡಿ. ಏನೂ ಕೇಳದೆ ಉತ್ತರ ಬಂದರೆ, ಅದು ನಿಮಗಾಗಿ ಬರೆದದ್ದಲ್ಲ. ನಾನು ಈಚೆಗೆ ಹೊಸ ಆ್ಯಪ್ ಬಗ್ಗೆ ಯಾರಾದರೂ ಕೇಳಿದರೆ, ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಬೇಕಂತಲೇ ಅರ್ಧಕ್ಕೆ ಬರೆದು ಕೇಳಿ ಅನ್ನುತ್ತೇನೆ. ಮಿಕ್ಕರ್ಧ ಕೇಳುತ್ತಾರಾ ಇಲ್ಲವಾ ಅಷ್ಟೇ ಪರೀಕ್ಷೆ.

ತಪ್ಪು ಉತ್ತರಕ್ಕೆ ಯಾರು ಹೊಣೆ ಅಂತಲೂ ನೀವು ಕೇಳಬಹುದು. ನಿರಾಸೆಯ ಉತ್ತರವೇ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ಹೇಳಿದೆ. ಆ್ಯಪ್ ನಡೆಸುವವರೋ, "ಇದು ಮಾಹಿತಿ ಮಾತ್ರ, ಸಲಹೆ ಅಲ್ಲ" ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಿಮ್ಮದರಲ್ಲೂ ಇರುತ್ತದೆ, ಕೆಳಗೆ ಎಳೆದು ನೋಡಿ.

ಆದರೆ ತಿಂಗಳಾ ತಿಂಗಳಾ ಕಟ್ ಆಗುವ 399 ಬೇರೆ ವಿಷಯ, ಅದಕ್ಕೆ ಆ್ಯಪ್‌ನವರೇ ಉತ್ತರ ಹೇಳಬೇಕು. ನೀವು ಒಂದು ಪ್ರಶ್ನೆಗೆ ಕಟ್ಟಿದ್ದೆ ಎಂದುಕೊಂಡಿದ್ದೀರಿ, ಅವರು ಚಂದಾ ಮಾಡಿಸಿಕೊಂಡಿದ್ದಾರೆ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅನ್ನುವ ಜಾಗಕ್ಕೆ ಹೋಗಿ ಇವತ್ತೇ ರದ್ದು ಮಾಡಿ. ಹೀಗೆ ದುಡ್ಡು ಕಟ್ ಆಗುವ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಹಳೆಯ ಮೆಸೇಜ್‌ಗಳಲ್ಲಿ ಹುಡುಕಿ. ಸೇರಿಸಿಕೊಳ್ಳುವಾಗ ಸುಲಭ, ಬಿಡುವಾಗ ಕಷ್ಟ ಮಾಡುವ ಈ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ತಪ್ಪು ಎಂದೇ ಪಟ್ಟಿ ಮಾಡಿದೆ. 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಕನ್ನಡದಲ್ಲೇ ಮಾತಾಡಬಹುದು.

4,999 ಕಟ್ಟಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್. ಮುಳಬಾಗಿಲು ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅಣ್ಣನ ಊರಿನವರು ನೋಡುತ್ತಾರೆ ಅನ್ನುವ ಮುಜುಗರ ಇದ್ದರೆ ಕೋಲಾರದ ಜಿಲ್ಲಾ ಪ್ರಾಧಿಕಾರಕ್ಕೆ ಬನ್ನಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಜಗಳ ಬೇಡ ಎಂದಿರಲ್ಲ, ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಏರ್ಪಾಡೂ ಅಲ್ಲೇ ಇದೆ. ರಾಗಿ ಕಳಿಸುತ್ತಿದ್ದ ಅಣ್ಣ, ಮಾತಿಗೆ ಬರಬಹುದು.

ಅದಕ್ಕೂ ಮುಂಚೆ ಈ ವಾರ ಒಂದು ಕೆಲಸ ಮಾಡಿ. ಜಮೀನಿನ ಸರ್ವೆ ನಂಬರ್ ಹಿಡಿದು ಇಸಿ ತೆಗೆಸಿ. 2011ರದ್ದಾದ್ದರಿಂದ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಕಚೇರಿಗೆ ಹೋಗಬೇಕಾಗಿಲ್ಲ. 2004ರ ಏಪ್ರಿಲ್‌ನಿಂದ ಇವತ್ತಿನವರೆಗೆ ಕೇಳಿ. ಅದರಲ್ಲಿ ನಿಮ್ಮ ಹೆಸರು ಬರೆದುಕೊಟ್ಟವರು ಅನ್ನುವ ಕಡೆ ಇದೆಯಾ ನೋಡಿ. ಇಲ್ಲದಿದ್ದರೆ ಎರಡನೆಯ ಆ್ಯಪ್‌ನವರು ಕುರುಡುಗಣ್ಣಲ್ಲಿ ಹೊಡೆದ ಕಲ್ಲು ಗುರಿಗೆ ಬಿದ್ದಿದೆ ಎಂದುಕೊಳ್ಳಿ. ಇದ್ದರೆ, ಆ ಪತ್ರದ ನಕಲು ತೆಗೆಸಿ, ಕೈಗೆ ಬಂದ ತಾರೀಖನ್ನು ಅದರ ಹಿಂದೆಯೇ ಬರೆದಿಡಿ. ಮೋಸದಿಂದ ಬರೆಸಿಕೊಂಡ ಪತ್ರ ರದ್ದು ಮಾಡಿಸಲು, ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಮಾತ್ರ ಇರುತ್ತದೆ. ನಿಮಗೆ 2011ರಲ್ಲೇ ಗೊತ್ತಿತ್ತು ಎಂದು ಎದುರಿನವರು ವಾದಿಸುತ್ತಾರೆ. ಅವತ್ತು ಜೊತೆಗೆ ಯಾರ್ಯಾರು ಬಂದಿದ್ದರು, ಸಾಕ್ಷಿ ಸಹಿ ಯಾರದ್ದು, ಕಾಗದವನ್ನು ಯಾರಾದರೂ ಓದಿ ಹೇಳಿದರಾ, ದುಡ್ಡು ಏನಾದರೂ ಕೊಟ್ಟರಾ, ಕೊಟ್ಟಿದ್ದರೆ ಎಷ್ಟು? ನೆನಪಿದ್ದಷ್ಟನ್ನು ಬರೆದು ಕಳಿಸಿ. ಅದು ಬರುವವರೆಗೆ ನನ್ನ 70 ಗುಂಟೆಯ ಲೆಕ್ಕವನ್ನೂ ಯಾರಿಗೂ ತೋರಿಸಬೇಡಿ.